ದ್ವಿತೀಯ ಪಿಯುಸಿ ಆಯ್ತು, ಮುಂದೆ ಕಾಲೇಜಿಗೆ ದಾರಿ ಯಾವುದು? ಹಳ್ಳಿ ಮಕ್ಕಳ ಪ್ರವೇಶದ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಸಿಇಟಿ (ಎಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆ) ಅರ್ಜಿ ಹತ್ತಿರ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇವೆ. ಉತ್ತರ ಕೊಡುವವರು ಮೂವರು: ಪಿಯು ಕಾಲೇಜಿನಲ್ಲಿ ಸಿಇಟಿ ಮಾರ್ಗದರ್ಶನ ನೋಡಿಕೊಳ್ಳುವ ಉಪನ್ಯಾಸಕರು, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸ್ಕಾಲರ್‌ಶಿಪ್ ಟೇಬಲ್‌ನ ಮೇಡಂ, ಗ್ರಾಮೀಣ ಶಾಖೆಯ ಒಬ್ಬ ಬ್ಯಾಂಕ್ ಅಧಿಕಾರಿ. ಆಧಾರ್ ಸಂಖ್ಯೆ, ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಅಂಕಪಟ್ಟಿಯ ಫೋಟೊ ಇಲ್ಲಿ ಹಾಕಬೇಡಿ. ಹಾಕಿದ್ದು ಕಂಡರೆ ತೆಗೆದುಹಾಕುತ್ತೇವೆ.

ಪ್ರಶ್ನೆ (ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ, ರಾಯಚೂರು ಜಿಲ್ಲೆ): ಸರ್, ನಮ್ಮೂರಾಗ ಪಾಸಾದ ಹುಡುಗ್ರು ಹುಡುಗ್ಯಾರು ಅರ್ಧಕ್ಕರ್ಧ ಮುಂದ ಓದಂಗಿಲ್ಲ. ಮಾರ್ಕ್ಸ್ ಕಮ್ಮಿ ಬಿದ್ದು ಅಂತಲ್ಲ, ಕಾಗದ ಇಲ್ಲ, ತಾರೀಖು ಮುಗೀತು ಅಂತ ಮನ್ಯಾಗ ಕುಂದರ್ತಾರ. ನಮ್ಮ ಕೇಂದ್ರದಾಗ ಒಂದು ಕಂಪ್ಯೂಟರ್ ಐತಿ, ನೆಟ್ ಐತಿ. ಡಿಸೆಂಬರ್‌ನಿಂದ ನಾನು ಏನೇನು ಮಾಡಿಸಿ ಇಡಬೇಕು? ಯಾವುದು ಮೊದಲು?

ಉಪನ್ಯಾಸಕರು: ಮೊದಲು ಆಧಾರ್, ಮೇಡಂ. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಪ್ರತಿ ಮಗುವಿನ ಆಧಾರ್ ಕಾರ್ಡನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕ ಇಟ್ಟು ನೋಡಿ. ಒಂದು ಇನಿಶಿಯಲ್ ಹೆಚ್ಚಿದ್ದರೂ, ಒಂದರಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದರಲ್ಲಿ ಬಿಟ್ಟಿದ್ದರೂ ಮುಂದೆ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ತಗಾದೆ. ಹಾಗಿದ್ದಾಗ ಆಧಾರ್ ತಿದ್ದಿಸಿ, ಅಂಕಪಟ್ಟಿ ಮುಟ್ಟಬೇಡಿ. ಅಂಕಪಟ್ಟಿ ತಿದ್ದುಪಡಿ ಶಾಲೆಯಿಂದ ಪರೀಕ್ಷಾ ಮಂಡಳಿಗೆ ಹೋಗಿ ಬರಬೇಕು, ಆ ವರ್ಷದ ಪ್ರವೇಶಕ್ಕೆ ಆಗಿಬರುವುದಿಲ್ಲ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆಪರೇಟರ್ ಟೈಪ್ ಮಾಡಿದ್ದನ್ನು ಮಗುವೇ ಪರದೆ ಮೇಲೆ ಓದಿ ಒಪ್ಪಿಕೊಳ್ಳಲಿ.

ಆಧಾರ್‌ನಲ್ಲೇ ಇನ್ನೆರಡು ಸಂಗತಿ ನೋಡಬೇಕು. 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡುವುದು ಕಡ್ಡಾಯ. ಹಳ್ಳಿಯಲ್ಲಿ ಬಹಳ ಮಕ್ಕಳದ್ದು ಚಿಕ್ಕಂದಿನ ಗುರುತಿನಲ್ಲೇ ನಿಂತಿರುತ್ತದೆ. ಇನ್ನೊಂದು ಮೊಬೈಲ್ ಸಂಖ್ಯೆ. ಅಪ್ಪನ ಹಳೇ ಸಿಮ್ ಬಂದಾಗಿ ಎರಡು ವರ್ಷವಾಗಿರುತ್ತದೆ, ಒಟಿಪಿ ಮಾತ್ರ ಅಲ್ಲಿಗೇ ಹೋಗುತ್ತಿರುತ್ತದೆ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ, ಕೈಗೆ ಬರಲು ಮೂರು ವಾರ ಬೇಕು ಎಂದೇ ಲೆಕ್ಕ ಇಟ್ಟುಕೊಳ್ಳಿ. ಎಸ್‌ಸಿ, ಎಸ್‌ಟಿಯವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಆದಾಯ ಪ್ರಮಾಣಪತ್ರದ ಆಯಸ್ಸು 5 ವರ್ಷ. ಎಂಟನೇ ಕ್ಲಾಸಿನ ಆರಂಭದಲ್ಲಿ ಯಾವುದೋ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಜನವರಿಯಲ್ಲಿ ಚಾಲ್ತಿಯಲ್ಲಿದ್ದು ಜುಲೈ ಹೊತ್ತಿಗೆ ಮುಗಿದುಹೋಗಬಹುದು. ಅರ್ಜಿ ಹಾಕುವ ದಿನ ಅದು ಚಾಲ್ತಿಯಲ್ಲಿದ್ದರೆ ಸಾಲದು, ಸೀಟು ಸಿಗುವ ತಿಂಗಳಿಗೂ ಇರಬೇಕು. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಿಇಟಿಯಲ್ಲೂ ಎಸ್‌ಎಸ್‌ಪಿಯಲ್ಲೂ ಕೇಳುವುದು ಅದನ್ನೇ.

ಮೂರನೆಯದು ವ್ಯಾಸಂಗ ಪ್ರಮಾಣಪತ್ರ: ಗ್ರಾಮೀಣ ಮೀಸಲಿಗೆ ಒಂದು, ಕನ್ನಡ ಮಾಧ್ಯಮದ ಮೀಸಲಿಗೆ ಇನ್ನೊಂದು. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಮಗು 1ರಿಂದ 5 ಒಂದು ತಾಲ್ಲೂಕಿನಲ್ಲಿ, 6ರಿಂದ 10 ಇನ್ನೊಂದರಲ್ಲಿ ಓದಿದ್ದರೆ ಎರಡೂ ಬಿಇಒ ಕಚೇರಿ ಸುತ್ತಬೇಕು. ಇದನ್ನು ಜನವರಿಯಲ್ಲೇ ಮುಗಿಸಿ ಅನ್ನುವುದಕ್ಕೆ ಕಾರಣವಿದೆ. ಏಪ್ರಿಲ್, ಮೇ ತಿಂಗಳು ಶಾಲೆಗೆ ರಜೆ, ಹೆಡ್ ಮಾಸ್ಟರ್ ತಮ್ಮೂರಿಗೆ ಹೋಗಿರುತ್ತಾರೆ, ಸೀಲು ಬೀರುವಿನಲ್ಲಿರುತ್ತದೆ. ಶಾಲೆ ಮುಚ್ಚಿ ಪಕ್ಕದ ಶಾಲೆಗೆ ಸೇರಿಸಿದ್ದರೆ ದಾಖಲಾತಿ ವಹಿ ಎಲ್ಲಿದೆ ಎಂದು ನಿಮ್ಮ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರನ್ನು ಕೇಳಿ, ಸುಮ್ಮನೆ ಅಲೆಯಬೇಡಿ.

ನಿಮ್ಮ ಜಿಲ್ಲೆ ರಾಯಚೂರು, ಹಾಗಾಗಿ ನಾಲ್ಕನೆಯದೂ ಇದೆ: ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಿನ ಅರ್ಹತಾ ಪ್ರಮಾಣಪತ್ರ. ಇದನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಯವರಿಗೆ ಅನ್ವಯ. ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಈ ಭಾಗದವರಿಗೆ ಮೀಸಲು. ಇದೊಂದು ಕಾಗದ ಇಲ್ಲದೆ ಸಿಇಟಿ ಅರ್ಜಿ ಹಾಕಿದರೆ ನಿಮ್ಮ ಮಕ್ಕಳು ತಮ್ಮ ದೊಡ್ಡ ಅನುಕೂಲವನ್ನೇ ಬಿಟ್ಟುಕೊಟ್ಟಂತೆ.

ಅದೇ ಮೇಲ್ವಿಚಾರಕಿ: ಅರ್ಜಿಯೊಳಗ ಟಿಕ್ ಮಾಡೋದು ಮರೆತ್ರ ಆಮ್ಯಾಲ ಸೇರಸಬಹುದಾ ಸರ್?

ಉಪನ್ಯಾಸಕರು: ಅರ್ಜಿ ತಿದ್ದಲು ಕೆಇಎ (ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ) ಕೊಡುವ ದಿನಗಳೊಳಗೆ ಮಾತ್ರ. ಕ್ಲೈಮ್ ಮಾಡದ ಮೀಸಲಾತಿಯನ್ನು ರ‍್ಯಾಂಕ್ ಬಂದ ಮೇಲೆ ಕೇಳಿದರೆ ಸಿಗುವುದಿಲ್ಲ. ಸೈಬರ್‌ನವರು ಅವಸರದಲ್ಲಿ ‘ಇಲ್ಲ’ ಎಂದು ಒತ್ತಿ ಮುಂದೆ ಹೋಗುವುದು ಇದೇ ಪುಟದಲ್ಲಿ. ಅಂತಿಮವಾಗಿ ಸಲ್ಲಿಸುವ ಮೊದಲು ಪ್ರಿಂಟ್ ತೆಗೆದು, ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ), ಎಸ್‌ಎನ್‌ಕ್ಯೂ (ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಸೀಟು) ಈ ನಾಲ್ಕು ಸಾಲಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ನೋಡಿ.

ಇನ್ನೊಂದು ಎಚ್ಚರ. ಅರ್ಜಿಯಲ್ಲಿ ಸೈಬರ್ ಅಂಗಡಿಯವರ ಮೊಬೈಲ್ ಸಂಖ್ಯೆ ಕೊಡಲೇಬೇಡಿ. ಪಾಸ್‌ವರ್ಡ್, ಒಟಿಪಿ ಎಲ್ಲ ಅಲ್ಲಿಗೆ ಹೋಗುತ್ತದೆ. ಸೀಟು ಹಂಚಿಕೆಯ ದಿನ ಅಂಗಡಿ ಮುಚ್ಚಿದ್ದರೆ ಕಥೆ ಮುಗಿಯಿತು.

ಪ್ರಶ್ನೆ (ಪೋಷಕರು, ಹಾಸನ ಜಿಲ್ಲೆ): ನಮ್ಮದು ಅಪ್ಪಟ ಹಳ್ಳಿ. ಮಗಳು ಏಳನೇ ತರಗತಿವರೆಗೆ ಊರ ಸರ್ಕಾರಿ ಶಾಲೆ, ಎಂಟರಿಂದ ಹತ್ತು ತಾಲ್ಲೂಕು ಕೇಂದ್ರದ ಹೈಸ್ಕೂಲು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಗ್ರಾಮೀಣ ಕೋಟಾ ಸಿಗುತ್ತದಲ್ಲವೇ? ಮನೆ ಹಳ್ಳಿಯಲ್ಲೇ ಇದೆ, ಪಡಿತರ ಚೀಟಿಯೂ ಅಲ್ಲಿನದೇ.

ಉಪನ್ಯಾಸಕರು: ಸಿಗುವುದಿಲ್ಲ ಸರ್. ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ, ಶಾಲೆ ಎಲ್ಲಿತ್ತು ಎಂಬುದಷ್ಟೇ ಲೆಕ್ಕ. 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಕೂಡ ಗ್ರಾಮೀಣ ಅಲ್ಲ. ಮೂರು ವರ್ಷ ಪುರಸಭೆ ಗಡಿಯೊಳಗೆ ಓದಿದ್ದಕ್ಕೆ ಶೇ. 15ರ ಮೀಸಲು ಕೈತಪ್ಪುತ್ತದೆ. ಅನ್ಯಾಯ ಅನ್ನಿಸಬಹುದು. ಹೈಸ್ಕೂಲೇ ಇಲ್ಲದ ಹಳ್ಳಿಯ ಮಗು ಹೋಗುವುದಾದರೂ ಎಲ್ಲಿಗೆ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ನಿಯಮ ಮಾತ್ರ ಹಾಗಿದೆ. ಈಗ ಏಳನೇ ತರಗತಿಯಲ್ಲಿರುವ ಮಕ್ಕಳ ಪೋಷಕರು ಇದನ್ನು ಓದುತ್ತಿದ್ದರೆ, ಹೈಸ್ಕೂಲು ಆರಿಸುವಾಗ ಈ ಒಂದು ಮಾತು ತಲೆಯಲ್ಲಿರಲಿ.

ನಿಮ್ಮ ಮಗಳಿಗೆ ಉಳಿದಿರುವುದು ಕನ್ನಡ ಮಾಧ್ಯಮದ ಶೇ. 5. ಹತ್ತೂ ವರ್ಷ ಕನ್ನಡ ಮಾಧ್ಯಮವೇ ಆಗಿದ್ದರೆ ಶಾಲೆ ಪಟ್ಟಣದ್ದಾದರೂ ಅಡ್ಡಿಯಿಲ್ಲ. ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ನಿಗೆ ಹಾಕಿದ್ದರೆ ಅದೂ ಇಲ್ಲ.

ಕಟ್ ಆಫ್ ಪಟ್ಟಿ (ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿನವರೆಗೆ ಹೋಯಿತು ಎಂಬ ಪಟ್ಟಿ) ಓದುವ ವಿಧಾನವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬಹಳ ಜನ ತಪ್ಪು ಕಾಲಂ ನೋಡಿ ಹೆದರುತ್ತಾರೆ. 2ಎಜಿ ಅಂದರೆ 2ಎ ಸಾಮಾನ್ಯ, 2ಎಕೆ ಅಂದರೆ ಕನ್ನಡ ಮಾಧ್ಯಮ, 2ಎಆರ್ ಅಂದರೆ ಗ್ರಾಮೀಣ. ಅದೇ ರೀತಿ ಸಾಮಾನ್ಯ ವರ್ಗಕ್ಕೆ ಜಿಎಂ, ಜಿಎಂಕೆ, ಜಿಎಂಆರ್. ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್. ಕಲ್ಯಾಣ ಕರ್ನಾಟಕದ ಸೀಟುಗಳ ಕೋಡಿಗೆ ಕೊನೆಯಲ್ಲಿ ಎಚ್ ಸೇರಿರುತ್ತದೆ, ಅವುಗಳ ಪಟ್ಟಿಯೇ ಬೇರೆ. ಗ್ರಾಮೀಣ ಕ್ಲೈಮ್ ಇರುವ 2ಎ ಮಗು ಜಿಎಂ ಕಾಲಂ ನೋಡಿ ‘ಈ ಕಾಲೇಜು ನನಗಲ್ಲ’ ಎಂದು ಬಿಟ್ಟುಬಿಟ್ಟರೆ ಪಟ್ಟಿ ನೋಡಿಯೂ ಉಪಯೋಗವಿಲ್ಲ.

ಪ್ರಶ್ನೆ (ಅತಿಥಿ ಉಪನ್ಯಾಸಕಿ, ಚಾಮರಾಜನಗರ): ಸಾಮಾನ್ಯ ವರ್ಗದವರಿಗೂ ಗ್ರಾಮೀಣ ಕೋಟಾ ಇದೆಯೇ?

ಉಪನ್ಯಾಸಕರು: ಇದೆ. ವ್ಯಾಸಂಗ ಪ್ರಮಾಣಪತ್ರದ ಜೊತೆಗೆ, ಕೆನೆಪದರಕ್ಕೆ ಸೇರಿಲ್ಲ ಎಂಬ ತಹಶೀಲ್ದಾರರ ಪ್ರಮಾಣಪತ್ರವೂ ಬೇಕು. ಆದರೆ ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ), ಮ್ಯಾನೇಜ್‌ಮೆಂಟ್ ಸೀಟು, ನೀಟ್‌ನ ಅಖಿಲ ಭಾರತ ಕೋಟಾ, ಇವುಗಳಲ್ಲಿ ಗ್ರಾಮೀಣ ಮೀಸಲು ಇಲ್ಲ.

ಪ್ರಶ್ನೆ (ವಿದ್ಯಾರ್ಥಿ, ಗದಗ ಜಿಲ್ಲೆ): ಅಣ್ಣಾ, ರ‍್ಯಾಂಕ್ ಬಂದ ಮ್ಯಾಲಿನ ಆಪ್ಷನ್ ಎಂಟ್ರಿ ಒಳಗ ಎಷ್ಟು ಕಾಲೇಜು ಹಾಕಬೇಕು? ಚಾಯ್ಸ್ 1, 2, 3, 4 ಅಂದ್ರ ಏನಂತ ಯಾರೂ ಸರಿಯಾಗಿ ಹೇಳವಲ್ರು.

ಉಪನ್ಯಾಸಕರು: ತಮ್ಮಾ, ಎಷ್ಟು ಹಾಕಿದರೂ ನಷ್ಟವಿಲ್ಲ, ಕಮ್ಮಿ ಹಾಕಿದರೆ ಮಾತ್ರ ನಷ್ಟ. ಕ್ರಮ ಮುಖ್ಯ. ನಿನಗೆ ಯಾವುದು ಹೆಚ್ಚು ಬೇಕೋ ಅದು ಮೇಲೆ. ಯಾವುದು ಸಿಗುತ್ತದೆ ಎಂದು ಊಹೆ ಮಾಡಿ ಅದನ್ನು ಮೇಲೆ ಹಾಕಬೇಡ. ಯಂತ್ರ ಮೇಲಿಂದ ಕೆಳಗೆ ನೋಡುತ್ತಾ ಬರುತ್ತದೆ, ನಿನ್ನ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟು ನಿಲ್ಲಿಸುತ್ತದೆ.

ನಿನಗೆ 12ನೇ ಆಪ್ಷನ್ ಸಿಕ್ಕಿತು ಅನ್ನೋಣ. 13ರಿಂದ ಕೆಳಗಿನವೆಲ್ಲ ಆಗಲೇ ಅಳಿಸಿಹೋದವು. ಚಾಯ್ಸ್ 1 ಅಂದರೆ ಈ ಸೀಟು ಸಾಕು, ಶುಲ್ಕ ಕಟ್ಟಿ ಪ್ರವೇಶ ಪತ್ರ ತೆಗೆದು ಕಾಲೇಜಿಗೆ ಹೋಗುತ್ತೇನೆ ಎಂದು. ಚಾಯ್ಸ್ 2 ಅಂದರೆ ಇದು ಕೈಯಲ್ಲಿರಲಿ, 1ರಿಂದ 11ರಲ್ಲಿ ಒಂದು ಸಿಕ್ಕರೆ ಅದು ಕೊಡಿ. ಮೇಲಿನದು ಸಿಕ್ಕಿದ ಕೂಡಲೇ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಅದೇ ಬೇಕು ಎನ್ನುವಂತಿಲ್ಲ. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರಿಗೈಯಲ್ಲಿ ಹೋಗುತ್ತೇನೆ. ಚಾಯ್ಸ್ 4 ಅಂದರೆ ಹೊರಗೆ ಹೋದೆ. ಹಳ್ಳಿಯಿಂದ ಬಂದು ಬೇರೆ ಆಸರೆ ಇಲ್ಲದವರಿಗೆ ಚಾಯ್ಸ್ 3 ಒತ್ತಿ ಎಂದು ನಾನಂತೂ ಹೇಳುವುದಿಲ್ಲ. ಚಾಯ್ಸ್ 2ಕ್ಕೆ ಎಷ್ಟು ಹಣ ಕಟ್ಟಬೇಕು ಎಂಬುದನ್ನು ಆ ವರ್ಷದ ಕೆಇಎ ಸೂಚನೆಯಲ್ಲಿ ಓದಿಕೊಂಡು ಅಪ್ಪನಿಗೆ ಮೊದಲೇ ಹೇಳಿಡು, ಒತ್ತಿದ ಮೇಲೆ ಹಣ ಹುಡುಕಲು ಎರಡು ಮೂರು ದಿನವಷ್ಟೇ ಇರುತ್ತದೆ.

ಆಪ್ಷನ್ ಹಾಕುವಾಗ ಶುಲ್ಕದ ಕಾಲಂ ನೋಡದೆ ಹೋಗಬೇಡ. ಒಂದೇ ಕಾಲೇಜಿನಲ್ಲಿ ಅನುದಾನಿತ ಸೀಟಿಗೊಂದು ದರ, ಅನುದಾನರಹಿತಕ್ಕೆ ಬೇರೆ. ಎಸ್‌ಎನ್‌ಕ್ಯೂ ಎಂದು ಎಂಜಿನಿಯರಿಂಗ್‌ನಲ್ಲಿ ಮಂಜೂರಾದ ಸೀಟಿನ ಮೇಲೆ ಶೇ. 5 ಹೆಚ್ಚುವರಿ ಸೀಟಿದೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದವರಿಗೆ. ಬೋಧನಾ ಶುಲ್ಕ ಇರುವುದಿಲ್ಲ, ಇತರೆ ಶುಲ್ಕ ಇರುತ್ತದೆ. ಅರ್ಜಿಯಲ್ಲೇ ಕೇಳಿರಬೇಕು.

ಅಣಕು ಹಂಚಿಕೆ ಬಂದಾಗ ಕುಣಿಯುವುದೂ ಬೇಡ, ಅಳುವುದೂ ಬೇಡ. ಅದು ಸೀಟಲ್ಲ, ನಿನ್ನ ಪಟ್ಟಿಯ ಕ್ರಮ ತಿದ್ದಿಕೊಳ್ಳಲು ಕೊಟ್ಟ ಅವಕಾಶ.

ಇನ್ನೊಬ್ಬ ಸದಸ್ಯರು: ಬಿಎಸ್ಸಿ ಅಗ್ರಿ ಬಗ್ಗೆಯೂ ಒಂದು ಮಾತು ಹೇಳಿ ಸರ್, ರೈತರ ಮಕ್ಕಳಿಗೆ ಬೇರೆ ಕೋಟಾ ಇದೆಯಂತಲ್ಲ.

ಉಪನ್ಯಾಸಕರು: ಇದೆ, ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ ಕೃಷಿ ವಿವಿಗಳಿಗೂ ಬಾಗಲಕೋಟೆ ತೋಟಗಾರಿಕೆ ವಿವಿಗೂ ಅನ್ವಯ. ಕೃಷಿಕ ಕೋಟಾವನ್ನು ಸಿಇಟಿ ಅರ್ಜಿಯಲ್ಲೇ ಕೇಳಬೇಕು, ತಹಶೀಲ್ದಾರರ ಪ್ರಮಾಣಪತ್ರ ಒದಗಿಸಬೇಕು, ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಬೀಜ, ಗೊಬ್ಬರ, ಕೀಟ, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಹೊಲದಲ್ಲಿ ಕೈ ಆಡಿಸಿದ ಮಗುವಿಗೆ ಕಷ್ಟವಲ್ಲ. ಆದರೂ ಸೋಲುವುದು ಹೆಸರಿನಲ್ಲಿ. ಕೂರಿಗೆ, ಕುಂಟೆ ಗೊತ್ತು, ಪುಸ್ತಕದ ಹೆಸರು ಗೊತ್ತಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಒಂದು ದಿನ ಕರೆದುಕೊಂಡು ಹೋಗಿ, ಅಲ್ಲಿರುವ ಬೀಜದ ಪೊಟ್ಟಣ, ಗೊಬ್ಬರದ ಚೀಲ ಎಲ್ಲದರ ಹೆಸರು ಎರಡೂ ಭಾಷೆಯಲ್ಲಿ ಬರೆಸಿ.

ಪ್ರಶ್ನೆ (ಪೋಷಕರು, ತುಮಕೂರು ಜಿಲ್ಲೆ): ಮೇಡಂ, ಸ್ಕಾಲರ್‌ಶಿಪ್ ಬರುತ್ತದೆ ಸೇರಿಸಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಾಲೇಜಿನವರು ಹಣ ಕೇಳುವುದು ಜುಲೈನಲ್ಲಿ. ಸ್ಕಾಲರ್‌ಶಿಪ್ ಯಾವಾಗ ಬರುತ್ತದೆ?

ಸ್ಕಾಲರ್‌ಶಿಪ್ ಟೇಬಲ್: ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಬರುತ್ತದೆ ಎಂದು ನಂಬಿ ಕೂರಬೇಡಿ ಸರ್. ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿಯ ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆ ಬೇಕು, ಆ ಸಂಖ್ಯೆ ಹುಟ್ಟುವುದೇ ಪ್ರವೇಶ ಎಲ್ಲ ಮುಗಿದ ಮೇಲೆ. ಅಲ್ಲಿಂದ ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆಯ ಮಂಜೂರಾತಿ, ಆಮೇಲೆ ಹಣ. ಹಾಗಾಗಿ ಮೊದಲ ಆರೇಳು ತಿಂಗಳನ್ನು ಸ್ಕಾಲರ್‌ಶಿಪ್ ಇಲ್ಲದೆಯೇ ದಾಟಬೇಕು ಎಂದು ಲೆಕ್ಕ ಹಾಕಿ. ಮಕ್ಕಳು ಕಾಲೇಜು ಬಿಡುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ.

ದಾಟುವ ದಾರಿಗಳಿವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಪ್ರವೇಶ, ಪ್ರಯೋಗಾಲಯ, ವಿವಿ ನೋಂದಣಿ ಮುಂತಾದ ಚಿಲ್ಲರೆ ಬಾಬ್ತು ಮಾತ್ರ. ಎಸ್‌ಸಿ, ಎಸ್‌ಟಿಯವರಿಗೆ ಆದಾಯ 2.5 ಲಕ್ಷದೊಳಗಿದ್ದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಆದಾಯ ಪ್ರಮಾಣಪತ್ರ ಪ್ರವೇಶದ ದಿನವೇ ಕೈಯಲ್ಲಿರಲಿ, ಇಲ್ಲದಿದ್ದರೆ ಮೊದಲು ಕಟ್ಟಿ ಆಮೇಲೆ ಪಡೆಯಿರಿ ಎನ್ನುತ್ತಾರೆ. ಮಿಕ್ಕವರು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಕೌಂಟರಿನಲ್ಲಿ ಬೆಲೆಯಿಲ್ಲ, ಅರ್ಜಿಯ ಮೇಲೆ ಪ್ರಾಂಶುಪಾಲರ ಸಹಿ ಬಿದ್ದರೆ ಬೆಲೆಯಿದೆ.

ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ: ಊಟ, ವಸತಿಗೆ ತಿಂಗಳಿಗೆ 1,500ರಂತೆ 10 ತಿಂಗಳು, ಒಟ್ಟು 15,000. ಹಾಸ್ಟೆಲ್ ಮತ್ತು ವಿದ್ಯಾಸಿರಿ ಎರಡೂ ಒಟ್ಟಿಗೆ ಇಲ್ಲ. ಎಸ್‌ಸಿ, ಎಸ್‌ಟಿ ಮಗು ಪಿಯುಸಿಯನ್ನು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಮುಗಿಸಿದ್ದರೆ 20,000 ಪ್ರೋತ್ಸಾಹಧನವಿದೆ, ಅದಕ್ಕೆ ಬೇರೆ ಅರ್ಜಿ. ಕಟ್ಟಡ ಕಾರ್ಮಿಕರ ಕಾರ್ಡು ಇರುವ ಮನೆಗೆ ಕಾರ್ಮಿಕ ಇಲಾಖೆಯ ಶೈಕ್ಷಣಿಕ ಸಹಾಯಧನ. ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಮುಗಿಸಿದ ಹೆಣ್ಣುಮಕ್ಕಳು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ನೋಡಲೇಬೇಕು: ಕೋರ್ಸು ಮುಗಿಯುವವರೆಗೆ ವರ್ಷಕ್ಕೆ 30,000. ಅರ್ಜಿಗೆ ಹಣ ಕಟ್ಟುವಂತಿಲ್ಲ, ಯಾರಾದರೂ ಕೇಳಿದರೆ ಅದು ಮೋಸ. ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ. 20ರೊಳಗೆ ಬಂದು ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ವಿದ್ಯಾರ್ಥಿವೇತನ ವರ್ಷಕ್ಕೆ 12,000, ಆದರೆ ಅದನ್ನು ಬೇರೆ ಸ್ಕಾಲರ್‌ಶಿಪ್ ಜೊತೆ ಸೇರಿಸಿ ಪಡೆಯುವಂತಿಲ್ಲ. ಯಾವುದು ಹೆಚ್ಚು ಎಂದು ಕೂಡಿ ಕಳೆದು ನೋಡಿ ಹಾಕಿ.

ಪ್ರಶ್ನೆ (ವಿದ್ಯಾರ್ಥಿನಿ, ಯಾದಗಿರಿ): ಮೇಡಂ, ನಂದು ‘ಮಂಜೂರಾಗಿದೆ’ ಅಂತ ತೋರಸ್ತದ, ರೊಕ್ಕ ಬಂದಿಲ್ಲ. ಬ್ಯಾಂಕಿನ್ಯಾಗ ಕೇಳಿದ್ರ ಆಧಾರ್ ಲಿಂಕ್ ಐತಿ ಅಂತಾರ.

ಸ್ಕಾಲರ್‌ಶಿಪ್ ಟೇಬಲ್: ಇದು ನಮ್ಮ ಟೇಬಲ್ ದಾಟಿ ಹೋಗಿದೆ ತಂಗಿ, ಬ್ಯಾಂಕಿನ ಸರ್ ಹೇಳಲಿ.

ಬ್ಯಾಂಕ್ ಅಧಿಕಾರಿ: ಖಾತೆಗೆ ಆಧಾರ್ ಸಂಖ್ಯೆ ದಾಖಲಿಸುವುದು ಒಂದು, ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಬರಬೇಕಾದ ಬ್ಯಾಂಕಿಗೆ ಆಧಾರ್ ಜೋಡಿಸುವುದು ಬೇರೆ. ಸರ್ಕಾರದ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ತೆಗೆಯುವಾಗ ಪೇಮೆಂಟ್ ಬ್ಯಾಂಕ್ ಖಾತೆ ತೆರೆದು ಅಲ್ಲಿಗೆ ಮ್ಯಾಪ್ ಆಗಿರುವ ಪ್ರಕರಣಗಳು ಬೇಕಾದಷ್ಟು. ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದು ನೋಡಿ. ಬ್ಯಾಂಕಿನ ಹೆಸರು ಮತ್ತು ಸಕ್ರಿಯವೋ ಅಲ್ಲವೋ ಎರಡೂ ತೋರಿಸುತ್ತದೆ. ನಿಮಗೆ ಬೇಕಾದ ಬ್ಯಾಂಕ್ ಅಲ್ಲದಿದ್ದರೆ, ಶಾಖೆಗೆ ಹೋಗಿ ‘ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್’ (ಡಿಬಿಟಿ ಅಂದರೆ ನೇರ ಹಣ ವರ್ಗಾವಣೆ) ಎಂದು ಬರೆದ ಒಪ್ಪಿಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಅದು ಸರಿಯಿದ್ದೂ ಹಣ ವಾಪಸ್ ಹೋಗುವುದಕ್ಕೆ ಇನ್ನೊಂದು ಕಾರಣ, ಪೂರ್ತಿ ಕೆವೈಸಿ (ಗುರುತು, ವಿಳಾಸದ ಪರಿಶೀಲನೆ) ಆಗದ ಸಣ್ಣ ಖಾತೆ. ಅದರಲ್ಲಿ ಯಾವ ಹೊತ್ತಿಗೂ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಟ್ಟು ಜಮೆ ಒಂದು ಲಕ್ಷ ಮೀರುವಂತಿಲ್ಲ. ಮಗುವಿನ ಹೆಸರಿನ ಖಾತೆಯನ್ನು 18 ತುಂಬಿದ ಮೇಲೆ ಮೇಜರ್ ಮಾಡಿಸದೇ ಬಿಟ್ಟಿದ್ದರೂ ಇದೇ ಪಾಡು.

ಪ್ರಶ್ನೆ (ರೈತರು, ಬಾಗಲಕೋಟೆ ಜಿಲ್ಲೆ): ಸಾಹೇಬ್ರ, ಶಿಕ್ಷಣ ಸಾಲಕ್ಕ ಹೋದ್ರ ನಿಮ್ಮೂರು ನಮ್ಮ ವ್ಯಾಪ್ತಿಗೆ ಬರಂಗಿಲ್ಲ ಅಂದ್ರು. ಇನ್ನೊಂದು ಕಡೆ ಹೊಲ ಅಡ ಇಡ್ರಿ ಅಂದ್ರು.

ಬ್ಯಾಂಕ್ ಅಧಿಕಾರಿ: ಎರಡೂ ಸರಿಯಲ್ಲ ಯಜಮಾನ್ರೆ. ಮನೆ ಸೇವಾ ವ್ಯಾಪ್ತಿಯಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಇಲ್ಲ, ನೀವು ಹಾಕಬೇಕಾದ ಪಾಲೂ ಇಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 7.5 ಲಕ್ಷದವರೆಗೆ ಸರ್ಕಾರದ ಸಾಲ ಖಾತರಿ ಇದೆ, ಹೊಲದ ಪತ್ರ ಕೇಳುವುದು ಅದಕ್ಕಿಂತ ಹೆಚ್ಚಿನ ಸಾಲಕ್ಕೆ. ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ, ಆಮೇಲೆ 15 ವರ್ಷದವರೆಗೆ ಕಟ್ಟಬಹುದು. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ, ಕೈಲಾದರೆ ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋಗಿ.

ಶಾಖೆಯ ಬಾಗಿಲಲ್ಲಿ ನಿಂತು ಕೇಳುವುದಕ್ಕಿಂತ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ನಿರಾಕರಿಸಿದರೆ ಕಾರಣ ದಾಖಲಾಗುತ್ತದೆ, ಮೇಲಿನ ಕಚೇರಿಗೆ ದೂರಲು ಅದು ಬೇಕು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಪಟ್ಟಿಯಲ್ಲಿರುವ ಉನ್ನತ ಶ್ರೇಣಿಯ ಕಾಲೇಜುಗಳಿಗೆ ಜಾಮೀನಿಲ್ಲದ ಸಾಲ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ನಿಮ್ಮ ಮಗನ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ, ಸಾಮಾನ್ಯ ಕಾಲೇಜುಗಳು ಅದರಲ್ಲಿಲ್ಲ.

ನಿಜವಾಗಿ ಅರ್ಜಿ ಬೀಳುವುದು ಬೇರೆಡೆ: ತಂದೆಯ ಬೆಳೆ ಸಾಲ ಸುಸ್ತಿಯಾಗಿದ್ದರೆ ಸಾಲದ ದಾಖಲೆಯಾದ ಸಿಬಿಲ್‌ನಲ್ಲಿ ಕಾಣುತ್ತದೆ. ಪ್ರವೇಶಕ್ಕೆ ಮೂರು ತಿಂಗಳ ಮೊದಲೇ ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ನವೀಕರಿಸಿ, ಇಲ್ಲವೇ ತಾಯಿಯನ್ನು ಜಂಟಿ ಸಾಲಗಾರರನ್ನಾಗಿ ಮಾಡಿ. ತಾಯಿ ಸ್ವಸಹಾಯ ಸಂಘದಲ್ಲಿ ಚೆನ್ನಾಗಿ ಕಟ್ಟಿದ ದಾಖಲೆ ಇದ್ದರೆ ಅದನ್ನೂ ತನ್ನಿ.

ಪ್ರಶ್ನೆ (ಪಂಚಾಯಿತಿ ಸದಸ್ಯೆ, ಶಿವಮೊಗ್ಗ ಜಿಲ್ಲೆ): ನಮ್ಮ ಕಡೆ ಕಾಲೇಜು ದೂರವಿಲ್ಲ, ಬಸ್ಸಿನ ಹೊತ್ತು ಸರಿಯಿಲ್ಲ. ಹಾಸ್ಟೆಲ್ ಅರ್ಜಿ ಎಲ್ಲಿ?

ಸ್ಕಾಲರ್‌ಶಿಪ್ ಟೇಬಲ್: ಹಾಸ್ಟೆಲ್‌ಗೆ ಎಸ್‌ಎಚ್‌ಪಿ ಎಂಬ ರಾಜ್ಯ ಹಾಸ್ಟೆಲ್ ಪೋರ್ಟಲ್ ಇದೆ. ಕಾಲೇಜು ಸೇರಿದ ಕೂಡಲೇ ಹಾಸ್ಟೆಲ್ ಸಿಕ್ಕಿತು ಎಂದಲ್ಲ, ಅದಕ್ಕೆ ಬೇರೆಯೇ ಕೊನೆಯ ದಿನ. ಕಾಲೇಜು ಆರಿಸುವ ಮೊದಲೇ ಆ ಊರಿನಲ್ಲಿ ಮೆಟ್ರಿಕ್ ನಂತರದ ಹಾಸ್ಟೆಲ್ ಇದೆಯೇ, ನಡೆದು ಹೋಗುವಷ್ಟು ಹತ್ತಿರವೇ ಎಂದು ವಿಚಾರಿಸಿ. ಪಟ್ಟಿ ಹೊರಬಿದ್ದ ಮೇಲೆ ಖಾಲಿ ಉಳಿದ ಸೀಟುಗಳಿಗೆ ವಾರ್ಡನ್ ಬಳಿ ವಿಚಾರಿಸುತ್ತಿರಿ.

ಬಸ್ಸಿನ ವಿಷಯಕ್ಕೆ ಬಂದರೆ, ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಪಾಸ್ ಬೇಕಿಲ್ಲ. ಗಂಡುಮಕ್ಕಳು ಸೇವಾಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು, ಗ್ರಾಮ ಒನ್‌ನಲ್ಲೂ ಮಾಡಿಕೊಡುತ್ತಾರೆ. ಆದರೆ ಉಚಿತ ಟಿಕೆಟ್ ಇದ್ದು ಬಸ್ಸೇ ಇಲ್ಲದಿದ್ದರೆ ಏನು ಮಾಡುವುದು! ಡಿಪೊ ಮ್ಯಾನೇಜರ್‌ಗೆ ‘ಬಸ್ಸು ಬಿಡಿ’ ಎಂದು ಮನವಿ ಕೊಟ್ಟರೆ ಫೈಲಿಗೆ ಹೋಗುತ್ತದೆ. ಯಾವ ಸ್ಟಾಪಿನಿಂದ ಎಷ್ಟು ವಿದ್ಯಾರ್ಥಿಗಳು, ಯಾವ ಕಾಲೇಜು, ಮೊದಲ ಪೀರಿಯಡ್ ಎಷ್ಟಕ್ಕೆ, ಕೊನೆಯ ಲ್ಯಾಬ್ ಎಷ್ಟಕ್ಕೆ ಬಿಡುತ್ತದೆ, ಈಗಿನ ಬಸ್ಸು ಎಷ್ಟು ನಿಮಿಷ ತಡ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಪ್ರಾಂಶುಪಾಲರ ಸಹಿ ಹಾಕಿಸಿ ಕೊಡಿ. ಹೊಸ ಬಸ್ಸು ಕೇಳುವುದಕ್ಕಿಂತ ಇರುವ ಟ್ರಿಪ್ಪನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿ ಎಂದು ಕೇಳುವುದು ಬೇಗ ಆಗುತ್ತದೆ, ಅದಕ್ಕೆ ಹೊಸ ಸಿಬ್ಬಂದಿ, ಹೊಸ ಗಾಡಿ ಬೇಕಿಲ್ಲ.

ಪ್ರಶ್ನೆ (ಅಕ್ಕಲಕೋಟೆಯಿಂದ): ನಾವು ಮಹಾರಾಷ್ಟ್ರದಾಗಿನ ಕನ್ನಡದವ್ರು. ಸಿಇಟಿ ಬರೀಬಹುದೇನ್ರಿ?

ಉಪನ್ಯಾಸಕರು: ಬರೀಬಹುದು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಇತ್ತ ಕಾಸರಗೋಡು ಕಡೆಯವರಿಗೆ ಹೊರನಾಡು, ಗಡಿನಾಡು ಕನ್ನಡಿಗರೆಂದು ಬೇರೆ ಕ್ಲಾಸ್ ಇದೆ. ಅರ್ಜಿಯಲ್ಲಿ ಆ ಕೋಡನ್ನೇ ಆರಿಸಿ. ಇದಕ್ಕಾಗಿ ಕನ್ನಡ ಭಾಷಾ ಪರೀಕ್ಷೆ ಪಾಸಾಗಲೇಬೇಕು, ಆ ದಿನ ತಪ್ಪಿಸಿಕೊಂಡರೆ ರ‍್ಯಾಂಕ್ ಎಷ್ಟಿದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕರು, ಮಂಡ್ಯ): ಪಿಯು ವಿಜ್ಞಾನ ಹತ್ತಿರದಲ್ಲಿ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಎಂಜಿನಿಯರಿಂಗ್ ದಾರಿ ಮುಚ್ಚಿತೇ?

ಉಪನ್ಯಾಸಕರು: ಇಲ್ಲ ಸರ್. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ. ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆ ತರಬೇತಿ ಇರುತ್ತದೆ, ಕೈಗೆ ಕೆಲಸ ಬೇಗ ಬೇಕಾದ ಮನೆಗೆ ಅದು ಒಪ್ಪುತ್ತದೆ. ಗಣಿತ ಗಟ್ಟಿ ಇಲ್ಲದ ಮಗು ಡಿಪ್ಲೊಮಾ ಮೊದಲ ಸೆಮಿಸ್ಟರಿನಲ್ಲೇ ಎಡವುತ್ತದೆ. ಬೇಸಿಗೆ ರಜೆಯಲ್ಲಿ ಬೀಜಗಣಿತ, ತ್ರಿಕೋನಮಿತಿ ಇವೆರಡನ್ನು ಮತ್ತೆ ಮಾಡಿಸಿ ಕಳಿಸಿ.

ಅದೇ ಶಿಕ್ಷಕರು: ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರುತ್ತಾರೆ.

ಉಪನ್ಯಾಸಕರು: ಸಿಇಟಿ ಪತ್ರಿಕೆಯಲ್ಲಿ ಕನ್ನಡವೂ ಇರುತ್ತದೆ, ನೀಟ್, ಜೆಇಇ ಮೇನ್‌ನಲ್ಲಿ ಅರ್ಜಿ ಹಾಕುವಾಗಲೇ ಕನ್ನಡ ಆರಿಸಿರಬೇಕು, ಆಮೇಲೆ ಬದಲಿಸುವಂತಿಲ್ಲ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ, ಹಾಗಾಗಿ ಎರಡನ್ನೂ ಓದುವ ಅಭ್ಯಾಸ ಬೇಕು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇದನ್ನು ಹೇಳಿಕೊಡುವವರಿಲ್ಲದೆ ಹತ್ತು ಹದಿನೈದು ಖಾಲಿ ಬಿಟ್ಟು ಬರುವ ಮಕ್ಕಳಿದ್ದಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕವೂ ಅರ್ಧ ಭಾಗ, ಆದ್ದರಿಂದ ಬರೀ ಕೋಚಿಂಗ್ ಪುಸ್ತಕ ಹಿಡಿದು ಕೂರುವುದೂ ಬೇಡ.

ಪ್ರಶ್ನೆ (ಪೋಷಕರು, ಚಿತ್ರದುರ್ಗ ಜಿಲ್ಲೆ): ಮಗಳನ್ನು ದೂರ ಕಳಿಸಲು ಮನೆಯಲ್ಲಿ ಒಪ್ಪುತ್ತಿಲ್ಲ. ಮೈಸೂರಿನ ಮುಕ್ತ ವಿವಿಯಲ್ಲಿ ಬಿಎ ಕಟ್ಟಿಸಿದರೆ ಆಗದೇ?

ಸ್ಕಾಲರ್‌ಶಿಪ್ ಟೇಬಲ್: ಮುಕ್ತ ವಿವಿಯ (ಕೆಎಸ್‌ಒಯು) ಪದವಿಗೆ ಮಾನ್ಯತೆ ಇದೆ, ಕೆಲಸಕ್ಕೂ ಮುಂದಿನ ಓದಿಗೂ ನಡೆಯುತ್ತದೆ. ಆದರೆ ಮನೆಯಲ್ಲಿ ಕೂತು ಓದುವ ಹೆಣ್ಣುಮಗಳಿಗೆ ಓದಲು ಹೊತ್ತು ಸಿಗುವುದು ಕಷ್ಟ, ಅಡುಗೆ ಕೊಟ್ಟಿಗೆ ಎಲ್ಲ ಅವಳ ಪಾಲಿಗೇ ಬರುತ್ತದೆ. ಹಾಸ್ಟೆಲ್ಲೂ ಇಲ್ಲ, ರೆಗ್ಯುಲರ್ ಓದನ್ನೇ ಕೇಳುವ ಸ್ಕಾಲರ್‌ಶಿಪ್‌ಗಳೂ ಇಲ್ಲ. ನೀವು ಹೀಗೆ ಮಾಡಿ: ಮೊದಲು ನಿಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಯುಯುಸಿಎಂಎಸ್ ಎಂಬ ಪದವಿ ಪ್ರವೇಶದ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಬಸ್ಸಿಗೆ ಖರ್ಚಿಲ್ಲ, ಬೋಧನಾ ಶುಲ್ಕವಿಲ್ಲ, ಸಂಜೆ ಮನೆಗೆ ಬರುತ್ತಾಳೆ. ಮನೆಯವರನ್ನು ಒಂದು ದಿನ ಕಾಲೇಜಿಗೆ ಕರೆತಂದು ತೋರಿಸಿ. ಅದೂ ಆಗದೇ ಹೋದರೆ ಕೆಎಸ್‌ಒಯುನಲ್ಲಿ ಜುಲೈ ಮತ್ತು ಜನವರಿ ಎರಡು ಆವೃತ್ತಿಯ ಪ್ರವೇಶವಿದೆ. ಜುಲೈನಲ್ಲಿ ಕಾಲೇಜಿಗೆ ಪ್ರಯತ್ನಿಸಿ ಸೋತರೂ ಜನವರಿಗೆ ಸೇರಿಸಬಹುದು. ಸೇರಿಸುವಾಗ ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಪ್ರಾದೇಶಿಕ ಕೇಂದ್ರದಲ್ಲೇ ಸೇರಿಸಿ, ಮಧ್ಯವರ್ತಿ ಸ್ಟಡಿ ಸೆಂಟರ್ ಎಂದು ಬೋರ್ಡು ಹಾಕಿಕೊಂಡವರ ಕೈಗೆ ಹಣ ಕೊಡಬೇಡಿ. ಶುಲ್ಕ ವಿವಿಯ ಪೋರ್ಟಲ್‌ನಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.